ಹತ್ತು ವರ್ಷದ ಬಾಕಿ

ನ್ಯೂಜೆರ್ಸಿಯ ಮಾಫಿಯಾ ಗುಂಪೊಂದರ ಕಥೆ ಹೇಳುವ ‘ದಿ ಸೊಪ್ರಾನೋಸ್’ ಟಿವಿ ಸರಣಿಯನ್ನು ಈ ಮಳೆಗಾಲದಲ್ಲಿ ಎರಡನೆಯ ಸಲ ಮೊದಲಿನಿಂದ ನೋಡಲು ಕುಳಿತವನು ಎರಡನೆಯ ಸೀಸನ್ನಿನ ಮೂರನೆಯ ಕಂತಿಗೆ ಬಂದು ನಿಂತುಬಿಟ್ಟೆ. 2000ದ ಜನವರಿ 30ರಂದು ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಮೊದಲು ಪ್ರಸಾರವಾದ ಕಂತು ಅದು. ಫ್ರಾಂಕ್ ರೆನ್ಜುಲಿ ಬರೆದದ್ದು, ಲೀ ತಮಹೊರಿ ನಿರ್ದೇಶಿಸಿದ್ದು. ಅದರ ಹೆಸರನ್ನು ಇಲ್ಲಿ ಬರೆಯುವುದು ಕಷ್ಟ. ಮಕ್ಕಳು ಕೈಬೀಸಿ ಹೇಳುವಂಥ ಒಂದು ಟಾಟಾದ ಮಾತನ್ನು ತೆಗೆದುಕೊಂಡು, ಅದರ ಹೊಟ್ಟೆಯೊಳಗೆ ಒಂದು ಬೈಗುಳವನ್ನು ತುರುಕಿ ಹೆಸರು ಮಾಡಿದ್ದಾರೆ. ಮೊದಲ ಸಲ ನೋಡಿದಾಗ ಈ ಕಂತು ನನಗೆ ಒಬ್ಬ ಕ್ರೂರಿಯ ಪ್ರವೇಶದ ಕಥೆಯಾಗಿ ಮಾತ್ರ ಕಂಡಿತ್ತು. ಈ ಬಾರಿ ಅದು ಒಂದು ಪಾಲುಪಟ್ಟಿಯ ಜಗಳದಂತೆ ಕಂಡಿತು.

ಹತ್ತು ವರ್ಷ ಜೈಲಿನಲ್ಲಿದ್ದ ರಿಚಿ ಅಪ್ರೀಲ್ ಬಿಡುಗಡೆಯಾಗಿ ನ್ಯೂಜೆರ್ಸಿಗೆ ಮರಳುತ್ತಾನೆ. ಅವನು ಒಳಗೆ ಹೋದಾಗ ಊರು ಬೇರೆಯಾಗಿತ್ತು. ಅವನ ತಮ್ಮ ಜಾಕಿ ಅಪ್ರೀಲ್ ದಂಧೆಯಲ್ಲಿ ಮೇಲೇರುತ್ತ ಇದ್ದವನು. ಮುಂದೆ ಆ ತಮ್ಮನೇ ಗುಂಪಿನ ಯಜಮಾನಿಕೆ ನಡೆಸಿ, ಮೊದಲ ಸೀಸನ್ನಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ಜಾಗಕ್ಕೆ ಕಾಗದದ ಮೇಲೆ ಬಂದವನು ಮುದುಕ ಜೂನಿಯರ್ ಸೊಪ್ರಾನೊ; ನಿಜವಾಗಿ ಬಂದವನು ಜೂನಿಯರ್‌ನ ತಮ್ಮನ ಮಗ ಟೋನಿ. ರಿಚಿಯ ನೆನಪಿನಲ್ಲಿ ಈ ಟೋನಿ ಇನ್ನೂ ತಮ್ಮ ಜಾಕಿಯ ಹಿಂದೆ ಮುಂದೆ ಓಡಾಡಿಕೊಂಡಿದ್ದ ಹುಡುಗನೇ. ಈಗ ಆ ಹುಡುಗನ ಅಪ್ಪಣೆ ಇಲ್ಲದೆ ಊರಿನಲ್ಲಿ ಒಂದು ಪಿಜ್ಜಾ ಅಂಗಡಿಯಿಂದಲೂ ಹಣ ಎತ್ತುವಂತಿಲ್ಲ. ವಯಸ್ಸಿನಲ್ಲೂ ಅನುಭವದಲ್ಲೂ ತನಗಿಂತ ಕಿರಿಯನಾದವನ ಮುಂದೆ ಕೈಕಟ್ಟಿ ನಿಲ್ಲಬೇಕಾದ ಅವಮಾನ ಕಂತಿನ ಉದ್ದಕ್ಕೂ ರಿಚಿಯ ಪಾತ್ರ ಮಾಡಿದ ಡೇವಿಡ್ ಪ್ರೊವಾಲ್ ಅವರ ಕಣ್ಣುಗಳಲ್ಲೇ ಇದೆ. ಸಣ್ಣ ಆಳು, ಮೆತ್ತಗಿನ ಮಾತು, ರೆಪ್ಪೆ ಮಿಟುಕಿಸದ ಕಣ್ಣು. ಆ ಕಣ್ಣುಗಳಿಗೆ ಟೋನಿ ಸರಣಿಯಲ್ಲಿ ಒಂದು ಅಡ್ಡಹೆಸರನ್ನೇ ಇಟ್ಟಿದ್ದಾನೆ. ಕುಖ್ಯಾತ ಕೊಲೆಗಡುಕ ಚಾರ್ಲ್ಸ್ ಮ್ಯಾನ್ಸನ್‌ನ ಕಣ್ಣಿಗೆ ಹೋಲಿಸಿ ‘ಮ್ಯಾನ್ಸನ್ ದೀಪಗಳು’ ಎನ್ನುತ್ತಾನೆ.

ಇಬ್ಬರೂ ಮುಖಾಮುಖಿಯಾಗುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಹಳೆಯ ಮಾಫಿಯಾ ಚಿತ್ರಗಳ ಕತ್ತಲೆಯ ಕೋಣೆಯಲ್ಲಲ್ಲ, ಹೋಟೆಲಿನ ಮೂಲೆ ಮೇಜಿನಲ್ಲೂ ಅಲ್ಲ. ಶಾಪಿಂಗ್ ಮಾಲ್ ಒಂದರಲ್ಲಿ, ಚೀಲ ಹಿಡಿದು ಓಡಾಡುವ ಗೃಹಸ್ಥರ ನಡುವೆ. ಇದಕ್ಕೆ ಕಾರಣ ಪೆರೋಲ್. ನಮ್ಮಲ್ಲಿ ಪೆರೋಲ್ ಎಂದರೆ ಮಗಳ ಮದುವೆಗೋ ತಾಯಿಯ ತಿಥಿಗೋ ಕೆಲವು ದಿನ ಮನೆಗೆ ಬಂದು ಮತ್ತೆ ಒಳಗೆ ಹೋಗುವ ರಜೆ. ಅಲ್ಲಿ ಹಾಗಲ್ಲ. ಶಿಕ್ಷೆಯ ಉಳಿದ ಅವಧಿಯನ್ನು ಅಧಿಕಾರಿಯೊಬ್ಬನ ನಿಗಾದಲ್ಲಿ ಹೊರಗೆ ಕಳೆಯುವುದಕ್ಕೆ ಆ ಹೆಸರು. ಅಪರಾಧ ಹಿನ್ನೆಲೆಯವರ ಜೊತೆ ಒಡನಾಟ ಇಟ್ಟುಕೊಳ್ಳಬಾರದೆಂಬುದು ಅದರ ಮಾಮೂಲಿ ಷರತ್ತುಗಳಲ್ಲಿ ಒಂದು. ಹಾಗಾಗಿ ಹತ್ತು ವರ್ಷದ ನಂತರದ ಭೇಟಿಯನ್ನೂ ಆಕಸ್ಮಿಕವಾಗಿ ಎದುರಾದವರಂತೆ ನಟಿಸಬೇಕು. ಹೊರಗೆ ಬಂದ ಮೇಲೂ ರಿಚಿಯ ಕಾಲಿಗೆ ಹಗ್ಗವಿದೆ. ಅದರ ಒಂದು ತುದಿ ಸರ್ಕಾರದ ಕೈಯಲ್ಲಿ, ಇನ್ನೊಂದು ತುದಿ ಟೋನಿಯ ಕೈಯಲ್ಲಿ.

ಅಲ್ಲಿ ಟೋನಿ ಸಮಾಧಾನದ ಮಾತು ಆಡುತ್ತಾನೆ. ಬಂದದ್ದು ಸಂತೋಷ, ನಿನ್ನ ಪಾಲಿಗೆ ಬರಬೇಕಾದದ್ದು ಬರುತ್ತದೆ, ಆದರೆ ಸ್ವಲ್ಪ ತಾಳು ಎಂಬ ಧಾಟಿ. ಯಜಮಾನನಾದವನು ಆಡಬಹುದಾದ ಅತ್ಯಂತ ಸೌಮ್ಯವಾದ ಮಾತು ಇದು. ರಿಚಿ ಕೊಡುವ ಉತ್ತರದ ತಿರುಳು ಇಷ್ಟೇ: ನನ್ನದು ನನ್ನದೇ ಆಗಿರುವಾಗ ಅದನ್ನು ನನಗೆ ಕೊಡುವ ಹಕ್ಕು ನಿನಗೆ ಎಲ್ಲಿಂದ ಬಂತು?

ಆ ಮಾತು ಕೇಳಿದಾಗ ನಾನು ರಿಮೋಟ್ ಒತ್ತಿ ದೃಶ್ಯವನ್ನು ನಿಲ್ಲಿಸಿದೆ. ಇದೇ ಮಾತನ್ನು ನಾನು ನಮ್ಮ ಮನೆಯ ಜಗುಲಿಯಲ್ಲಿ, ಎಂಟೋ ಒಂಬತ್ತೋ ವರ್ಷದವನಾಗಿದ್ದಾಗ ಕೇಳಿದ್ದೆ. ನನ್ನ ಚಿಕ್ಕಪ್ಪ ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋಗಿ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲಾಪೆಟ್ಟಿಗೆಯವರೆಗೆ ಬಂದವರು. ಹನ್ನೆರಡು ವರ್ಷದ ಮೇಲೆ ಒಂದು ಟ್ರಂಕಿನೊಂದಿಗೆ ಊರಿಗೆ ಮರಳಿದರು. ಅವರು ಮಲಗುತ್ತಿದ್ದ ಕೋಣೆಯಲ್ಲಿ ಆಗ ಅಕ್ಕಿಮುಡಿಗಳೂ ಅಡಿಕೆ ಗೋಣಿಗಳೂ ತುಂಬಿದ್ದವು. ತೋಟದ ಅಂಚಿನ ಹಲಸಿನ ಮರ ಇರಲಿಲ್ಲ; ಮನೆ ರಿಪೇರಿಗೆಂದು ಅಪ್ಪ ಅದನ್ನು ಕಡಿಸಿದ್ದರು. ಮೂರನೆಯ ದಿನ ಅಪ್ಪ ಒಂದಷ್ಟು ಹಣವನ್ನು ಲಕೋಟೆಯಲ್ಲಿಟ್ಟು ಮುಂದಕ್ಕೆ ಸರಿಸಿದಾಗ ಚಿಕ್ಕಪ್ಪ ಅದನ್ನು ಮುಟ್ಟಲೂ ಇಲ್ಲ. “ನನ್ನದನ್ನು ನನಗೆ ಕೊಡ್ಲಿಕ್ಕೆ ನೀನು ಯಾರು ಅಣ್ಣಾ?” ಎಂದರು. ಅಪ್ಪ ಕೆಟ್ಟವರಾಗಿರಲಿಲ್ಲ, ಚಿಕ್ಕಪ್ಪ ಕೇಳಿದ್ದೂ ತಪ್ಪಾಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೈಯೆತ್ತಲಿಲ್ಲ, ನಿಜ. ಆದರೆ ದೂರ ಹೋದವನು ಮನೆಯನ್ನು ತಾನು ಬಿಟ್ಟಾಗ ಇದ್ದ ಹಾಗೆಯೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾನೆ, ಮನೆಯಲ್ಲಿ ಉಳಿದವನು ತಾನು ಹೊತ್ತ ಹೊರೆಯನ್ನೇ ಹಕ್ಕೆಂದು ತಿಳಿದಿರುತ್ತಾನೆ. ಇಬ್ಬರ ಲೆಕ್ಕವೂ ಅವರವರ ಪುಸ್ತಕದಲ್ಲಿ ಸರಿಯಾಗಿಯೇ ಇರುತ್ತದೆ.

ರಿಚಿಯ ಲೆಕ್ಕವನ್ನು ಅವನ ಲೋಕದ ನಿಯಮಗಳ ಪ್ರಕಾರವೇ ನೋಡಿದರೆ ಅವನ ಕಡೆ ನ್ಯಾಯವಿದೆ ಎಂದೇ ನನಗೆ ಅನ್ನಿಸುತ್ತದೆ. ಮಾಫಿಯಾದ ಅಲಿಖಿತ ಶಾಸನದಲ್ಲಿ ಎಲ್ಲಕ್ಕಿಂತ ದೊಡ್ಡದು ಬಾಯಿ ಬಿಡದಿರುವುದು. ಸಿಸಿಲಿಯಿಂದ ಬಂದ ಮಾತಿನಲ್ಲಿ ಅದಕ್ಕೆ ‘ಒಮೆರ್ತಾ’ ಎನ್ನುತ್ತಾರೆ. ರಿಚಿ ಒಳಗಿದ್ದ ಹತ್ತು ವರ್ಷಗಳಲ್ಲೇ, ಎಂದರೆ ತೊಂಬತ್ತರ ದಶಕದಲ್ಲಿ, ಈ ಶಾಸನ ಹೊರಗೆ ಚೂರುಚೂರಾಯಿತು. ಅಮೆರಿಕದ ಸಂಸತ್ತು 1970ರಲ್ಲಿ ಮಾಡಿದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯ ಒಂದು ಭಾಗವೇ ‘ರೀಕೊ’ ಎಂದು ಪ್ರಸಿದ್ಧವಾದದ್ದು. ಬಿಡಿಬಿಡಿ ಅಪರಾಧಗಳನ್ನು ಒಂದೇ ದಂಧೆಯ ಎಳೆಗಳೆಂದು ತೋರಿಸಿ, ತಾನೇ ಕೈಯಾಡಿಸದ ಯಜಮಾನನನ್ನೂ ಹಿಡಿದು ದೀರ್ಘ ಶಿಕ್ಷೆ ಕೊಡಿಸಲು ಅದು ದಾರಿ ಮಾಡಿತು. ಅದೇ ಕಾಯ್ದೆಯ ಇನ್ನೊಂದು ಭಾಗ, ಬಾಯಿಬಿಟ್ಟವನಿಗೆ ಹೊಸ ಹೆಸರು, ಹೊಸ ಊರು ಕೊಟ್ಟು ಕಾಪಾಡುವ ಸಾಕ್ಷಿ ರಕ್ಷಣೆಯ ವ್ಯವಸ್ಥೆಗೆ ಬುನಾದಿ ಹಾಕಿತು. ಒಂದು ಕೈ ಹೆದರಿಸುತ್ತದೆ, ಇನ್ನೊಂದು ಕೈ ಕರೆಯುತ್ತದೆ. 1992ರಲ್ಲಿ ನ್ಯೂಯಾರ್ಕಿನ ಗ್ಯಾಂಬಿನೊ ಕುಟುಂಬದ ಮುಖ್ಯಸ್ಥ ಜಾನ್ ಗಾಟಿಗೆ ಜೀವಾವಧಿ ಶಿಕ್ಷೆಯಾದದ್ದು ಅವನದೇ ಬಲಗೈಯಂತಿದ್ದ ಸಾಲ್ವಟೋರ್ ಗ್ರವಾನೊ ಸಾಕ್ಷಿ ನುಡಿದದ್ದರಿಂದ. ಹತ್ತೊಂಬತ್ತು ಕೊಲೆಗಳಲ್ಲಿ ಪಾಲಿದೆಯೆಂದು ಒಪ್ಪಿಕೊಂಡ ಗ್ರವಾನೊಗೆ ಆದ ಶಿಕ್ಷೆ ಐದು ವರ್ಷ. ಇಂಥ ಕಾಲದಲ್ಲಿ ಬಾಯಿ ಮುಚ್ಚಿಕೊಂಡು ಹತ್ತು ವರ್ಷ ಕಳೆದು ಬಂದವನು ಆ ಲೋಕದ ಕಣ್ಣಿಗೆ ಪೂಜ್ಯನಾಗಬೇಕಿತ್ತು.

ಪೂಜೆಯೇನೋ ಆಗುತ್ತದೆ. ಬಾಡಾ ಬಿಂಗ್ ಎಂಬ ನೈಟ್‌ಕ್ಲಬ್ಬಿನಲ್ಲಿ ಔತಣ, ಅಪ್ಪುಗೆ, ಕೆನ್ನೆಗೆ ಮುತ್ತು. ಈ ಸೀಸನ್ನಿನ ಆರಂಭದಲ್ಲೇ ಟೋನಿಯ ಗುಂಪಿಗೆ ಮರಳಿದ ಇನ್ನೊಬ್ಬನನ್ನೂ ಇಲ್ಲಿ ನೆನೆಯಬೇಕು. ಟೋನಿಯ ಆಪ್ತ ಸಾಲ್ವಟೋರ್ ಬಾನ್‌ಪೆನ್ಸಿಯೆರೊ ಕೆಲವು ತಿಂಗಳು ಕಣ್ಮರೆಯಾಗಿದ್ದು, ಬೆನ್ನುನೋವಿನ ಚಿಕಿತ್ಸೆಗೆ ಪೋರ್ಟೊರಿಕೊಗೆ ಹೋಗಿದ್ದೆನೆಂದು ಹೇಳಿಕೊಂಡು ಬಂದಿದ್ದಾನೆ. ಅವನು ಎಫ್‌ಬಿಐಗೆ ಸುದ್ದಿ ಮುಟ್ಟಿಸುವವನಾಗಿದ್ದಾನೆ. ಮರಳಿ ಬಂದವರು ಇಬ್ಬರು: ಒಬ್ಬ ನಿಯಮವನ್ನು ಕಡ್ಡಿ ಮುರಿಯದಂತೆ ಪಾಲಿಸಿದವನು, ಇನ್ನೊಬ್ಬ ಅದನ್ನು ಮಾರಿಕೊಂಡವನು. ಟೋನಿಗೆ ಎದೆಯಾಳದಿಂದ ಪ್ರೀತಿ ಇರುವುದು ಎರಡನೆಯವನ ಮೇಲೆ, ಕಂಡರೆ ಆಗದಿರುವುದು ಮೊದಲನೆಯವನನ್ನು. ಸರಣಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಇದನ್ನು ಯಾರ ಬಾಯಿಂದಲೂ ಹೇಳಿಸುವುದಿಲ್ಲ. ನಾನಂತೂ ಎರಡನೆಯ ಸಲ ನೋಡುವವರೆಗೆ ಇವರಿಬ್ಬರನ್ನು ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ.

ರಿಚಿ ತನ್ನ ಬಾಕಿಯನ್ನು ವಸೂಲಿ ಮಾಡಲು ಆರಿಸಿಕೊಳ್ಳುವುದು ಬೀನ್ಸಿ ಗೇಟಾ ಎಂಬ ಹಳೆಯ ಜೊತೆಗಾರನನ್ನು. ಜೈಲಿಗೆ ಹೋಗುವ ಮುಂಚೆ ಇಬ್ಬರೂ ಕೂಡಿ ವ್ಯವಹಾರ ಮಾಡಿದವರು. ಈಗ ಬೀನ್ಸಿ ಪಿಜ್ಜಾ ಅಂಗಡಿ ನಡೆಸಿಕೊಂಡು ನೆಮ್ಮದಿಯಾಗಿದ್ದಾನೆ. ಕಪ್ಪ ಸಲ್ಲುವುದು ಟೋನಿಗೆ. ಪಾಲ್ ಹರ್ಮನ್ ಅವರ ಬೀನ್ಸಿ ಗಲ್ಲಾದ ಹಿಂದೆ ನಿಂತ ಯಾವುದೇ ಊರಿನ ಅಂಗಡಿಯವನಂತಿದ್ದಾನೆ. ಹಳೆಯ ಗೆಳೆಯ ಬಂದಾಗ ಅವನಿಗೆ ಸಂತೋಷವೂ ಆಗುತ್ತದೆ, ಹೊಟ್ಟೆಯೊಳಗೆ ಸಣ್ಣಗೆ ನಡುಕವೂ ಹುಟ್ಟುತ್ತದೆ. ರಿಚಿ ಕೇಳುತ್ತಾನೆ, ಬೀನ್ಸಿ ನುಣುಚಿಕೊಳ್ಳುತ್ತಾನೆ, ಮರುಕ್ಷಣ ಮೇಜಿನ ಮೇಲಿದ್ದ ಕಾಫಿಯ ಜಗ್ಗು ಅವನ ತಲೆಯ ಮೇಲೆ ಒಡೆಯುತ್ತದೆ. ಬಂದೂಕು ಹಿಡಿದು ಓಡಿಸುವುದು ಆಮೇಲಿನ ಪ್ರಯತ್ನ. ಅದೂ ತಪ್ಪಿದಾಗ ಬೀನ್ಸಿಯ ಮೇಲೆ ಕಾರು ಹಾಯಿಸುತ್ತಾನೆ. ಒಂದು ಸಲ ಸಾಲದೆಂಬಂತೆ ಹಿಂದಕ್ಕೆ ತಂದು ಮತ್ತೊಮ್ಮೆ. ಬೀನ್ಸಿ ಬದುಕುತ್ತಾನೆ, ಆದರೆ ಮುಂದೆ ಎದ್ದು ನಡೆಯಲಾರ.

ಈ ದೃಶ್ಯ ನೋಡಿ ಮುಖ ತಿರುಗಿಸದವರು ವಿರಳ. ಆದರೆ ರಿಚಿಗೆ ನಿಜವಾದ ಸಿಟ್ಟು ಇರುವುದು ಬೀನ್ಸಿಯ ಮೇಲಲ್ಲ ಎಂಬುದು ಕಾರು ಹಿಂದಕ್ಕೆ ಚಲಿಸುವ ಆ ಕ್ಷಣದಲ್ಲಿ ಸ್ಪಷ್ಟವಾಗುತ್ತದೆ. ಟೋನಿಯನ್ನು ಮುಟ್ಟುವ ತಾಕತ್ತು ಅವನಿಗಿಲ್ಲ. ಹತ್ತು ವರ್ಷವನ್ನು ತಿಂದ ಸರ್ಕಾರವನ್ನು ಮುಟ್ಟುವಂತೆಯೇ ಇಲ್ಲ. ಕೈಗೆ ಸಿಗುವವನು ಬೀನ್ಸಿ ಒಬ್ಬನೇ, ಅವನು ಟೋನಿಯ ರಕ್ಷಣೆಯಲ್ಲಿರುವವನು ಎಂಬುದೇ ಅವನ ಅಪರಾಧ. ಕಾರು ಹಾಯಿಸುವ ಮುಂಚೆಯೇ, ಬೀನ್ಸಿಯನ್ನು ಬಿಡು ಎಂದು ಟೋನಿ ರಿಚಿಯನ್ನು ಎಚ್ಚರಿಸಿದ್ದ. ಆ ಎಚ್ಚರಿಕೆ ಎಷ್ಟು ಗಟ್ಟಿ ಎಂಬುದನ್ನು ರಿಚಿ ಇನ್ನೊಬ್ಬನ ಕಾಲುಗಳ ಮೇಲೆ ಪರೀಕ್ಷಿಸುತ್ತಾನೆ. ಎಚ್ಚರಿಕೆ ಟೊಳ್ಳೆಂದು ಗೊತ್ತಾಗುತ್ತದೆ. ಟೋನಿ ಗುಡುಗುತ್ತಾನೆ, ಬೆದರಿಸುತ್ತಾನೆ, ಆದರೆ ರಿಚಿಯ ಕೂದಲು ಕೊಂಕುವುದಿಲ್ಲ. ಸತ್ತ ಯಜಮಾನನ ಅಣ್ಣನನ್ನು, ಅದೂ ಜೈಲಿನಿಂದ ಈಗಷ್ಟೇ ಬಂದವನನ್ನು, ದಂಡಿಸುವುದು ಟೋನಿಯಂಥವನಿಗೂ ಸುಲಭವಲ್ಲ.

ಇಲ್ಲಿಯೇ ಈ ಕಂತಿನ ಎರಡನೆಯ ಎಳೆ ಬಂದು ಸೇರುತ್ತದೆ. ಮೊದಲ ನೋಟಕ್ಕೆ ಅದಕ್ಕೂ ರಿಚಿಗೂ ಸಂಬಂಧವೇ ಇಲ್ಲ. ಟೋನಿಯ ತಾಯಿ ಲಿವಿಯಾ ಆಸ್ಪತ್ರೆಯಲ್ಲಿದ್ದು ಅವಳ ಮನೆ ಖಾಲಿ ಬಿದ್ದಿದೆ. ಮಗಳು ಮೆಡೋ ಅಜ್ಜಿಯ ಮನೆಯ ಬೀಗ ತೆಗೆದು ಗೆಳೆಯರಿಗೆ ಪಾರ್ಟಿ ಕೊಡುತ್ತಾಳೆ. ಅದು ಕೈಮೀರಿ, ಮನೆಯೆಲ್ಲ ಗಲೀಜಾಗಿ, ಕೊನೆಗೆ ಪೊಲೀಸರು ಟೋನಿಗೆ ಸುದ್ದಿ ಮುಟ್ಟಿಸುತ್ತಾರೆ. ಆ ರಾತ್ರಿ ಟೋನಿ ಮತ್ತು ಅವನ ಹೆಂಡತಿ ಕಾರ್ಮೆಲಾ ಶಿಕ್ಷೆಯ ವಿಷಯ ಮಾತಾಡಿಕೊಳ್ಳುತ್ತಾರೆ. ಬೈದರೆ ಎಷ್ಟು ಬೈಯುವುದು, ಕಟ್ಟುನಿಟ್ಟು ಮಾಡಿದರೆ ಎಷ್ಟು ದಿನ? ಆಗ ಟೋನಿ ಹೇಳುವ ಮಾತು ನಗೆಯನ್ನೂ ತರಿಸುತ್ತದೆ, ಒಳಗೆಲ್ಲೋ ಚುಚ್ಚುತ್ತದೆ ಕೂಡ. ನಾವು ಹೆಚ್ಚು ಹಾರಾಡುವುದು ಬೇಡ, ನಮ್ಮ ಕೈಯಲ್ಲಿ ಏನೂ ಇಲ್ಲವೆಂಬುದು ಅವಳಿಗೆ ಗೊತ್ತಾದರೆ ನಮ್ಮ ಕಥೆ ಮುಗಿಯಿತು ಎಂಬರ್ಥದ ಮಾತು ಅದು. ಕೊನೆಗೆ ಶಿಕ್ಷೆ ಯಾವುದೆಂದು ಸೂಚಿಸುವವಳೂ ಮೆಡೋಳೇ. ಕೆಲವು ವಾರ ತನ್ನ ಕ್ರೆಡಿಟ್ ಕಾರ್ಡ್ ಕಿತ್ತುಕೊಳ್ಳಿ ಎಂದು ಅವಳೇ ಹೇಳಿಕೊಡುತ್ತಾಳೆ, ತಂದೆತಾಯಿ ಗಂಭೀರ ಮುಖ ಮಾಡಿಕೊಂಡು ಒಪ್ಪುತ್ತಾರೆ. ಮಕ್ಕಳನ್ನು ಬೆಳೆಸಿದವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ನ್ಯೂಜೆರ್ಸಿಯ ದಂಧೆಯನ್ನೆಲ್ಲ ಆಳುವವನು ಮನೆಯಲ್ಲಿ ಹದಿಹರೆಯದ ಹುಡುಗಿಯ ಮುಂದೆ ಬರಿಗೈಯವನು ಎಂಬ ತಮಾಷೆಯಾಗಿ ಇದನ್ನು ಮೊದಲು ನೋಡಿದ್ದೆ. ಈಗ ಇದರ ಜೋಡಿ ದೃಶ್ಯ ಮಾಲ್‌ನಲ್ಲಿ ನಡೆದದ್ದು ಎಂದು ತಿಳಿಯಿತು. ಟೋನಿಯ ಕೈಯಲ್ಲಿ ಏನೂ ಇಲ್ಲವೆಂಬ ಗುಟ್ಟು ಮೆಡೋಳಿಗೆ ಗೊತ್ತಾಗದಂತೆ ಅವನು ಎಚ್ಚರ ವಹಿಸುತ್ತಿರುವ ಹೊತ್ತಿನಲ್ಲೇ ಅದೇ ಗುಟ್ಟನ್ನು ರಿಚಿ ಕಂಡುಕೊಳ್ಳುತ್ತಾನೆ. ಯಜಮಾನಿಕೆ ನಿಂತಿರುವುದು ಯಾರೂ ಅದನ್ನು ತಟ್ಟಿ ನೋಡದಿರುವವರೆಗೆ. ಹತ್ತು ವರ್ಷ ಹೊರಗಿದ್ದವನಿಗೆ ತಟ್ಟಿ ನೋಡುವುದೇ ಮೊದಲ ಕೆಲಸ. ಊರಿನಲ್ಲಿದ್ದವರಿಗೆ ಟೋನಿಗೆ ಹೆದರುವುದು ಅಭ್ಯಾಸವಾಗಿ ಹೋಗಿತ್ತು; ರಿಚಿ ಆ ಅಭ್ಯಾಸ ಹುಟ್ಟಿದ ವರ್ಷಗಳಲ್ಲಿ ಅಲ್ಲಿ ಇರಲಿಲ್ಲ.

ಟೋನಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯೆ ಡಾಕ್ಟರ್ ಮೆಲ್ಫಿಯ ಎಳೆಯನ್ನು ನಾನು ಬೇಗ ದಾಟುತ್ತೇನೆ. ರೆಸ್ಟೋರೆಂಟಿನಲ್ಲಿ ಗೆಳತಿಯರೊಂದಿಗೆ ಕುಡಿದು ಹಗುರಾಗಿದ್ದಾಗ ಟೋನಿ ಎದುರಾಗಿ, ಹೊರಡುವಾಗ ಅವಳ ಬಾಯಿಂದ ಆ ಬಾಲಿಶವಾದ ಟಾಟಾದ ಮಾತು ಜಾರಿ, ಕಂತಿಗೆ ಹೆಸರು ಸಿಕ್ಕಿದ್ದು ಅಲ್ಲಿಂದ. ಆ ನಾಚಿಕೆಯನ್ನು ಅವಳು ತನ್ನದೇ ವೈದ್ಯನ ಮುಂದೆ ಬಿಡಿಸಿಡುತ್ತಾಳೆ. ಚೆನ್ನಾಗಿದೆ, ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಬದಲಿಗೆ ಒಂದು ಸಣ್ಣ ಸಂಗತಿ ನಗು ತರಿಸಿತು. ರಿಚಿ ಜೈಲಿನಲ್ಲಿ ಯೋಗ ಕಲಿತು ಬಂದಿದ್ದಾನೆ. ಯೋಗದ ತರಗತಿಯಲ್ಲಿ ಅವನಿಗೆ ಮತ್ತೆ ಸಿಗುವವಳು ಹಳೆಯ ಪ್ರೇಯಸಿ, ಟೋನಿಯ ಅಕ್ಕ ಜಾನಿಸ್. ಸಿಯಾಟಲ್‌ನಿಂದ ಊರಿಗೆ ಬಂದಿರುವ ಆಕೆ ಅಲ್ಲಿ ಇಟ್ಟುಕೊಂಡಿದ್ದ ಹೆಸರು ಪಾರ್ವತಿ! ಉಸಿರಿನ ಮೇಲೆ ಹಿಡಿತ ಸಾಧಿಸಿದವನು ಕಾಫಿ ಜಗ್ಗಿನ ಮೇಲೆ ಸಾಧಿಸಲಿಲ್ಲ. ಈ ಪಾರ್ವತಿಯೂ ಮನೆಗೆ ಮರಳಿ ಬಂದವಳೇ, ತಾಯಿಯ ಮನೆಯ ಮೇಲೆ ಕಣ್ಣಿಟ್ಟು ಬಂದವಳು. ಹೀಗೆ ಬಾಕಿ ಕೇಳಿಕೊಂಡು ಬಂದ ಇಬ್ಬರು ಒಂದಾಗುತ್ತಾರೆ.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳಬಹುದು. ಬೀನ್ಸಿಯ ಗಾಲಿಕುರ್ಚಿ ಮನೆಯೊಳಗೆ ಹೋಗುವಂತೆ ಇಳಿಜಾರು ಕಟ್ಟಿಸಿಕೊಡಬೇಕೆಂದು ಟೋನಿ ರಿಚಿಗೆ ಆಜ್ಞಾಪಿಸುತ್ತಾನೆ. ರಿಚಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮುಂದೊಂದು ಕಂತಿನಲ್ಲಿ ರಿಚಿ ತನ್ನ ಹಳೆಯ ಚರ್ಮದ ಜಾಕೆಟ್ಟೊಂದನ್ನು ಟೋನಿಗೆ ಉಡುಗೊರೆಯಾಗಿ ಕೊಡುತ್ತಾನೆ. ಒಂದು ಕಾಲದಲ್ಲಿ ಊರಿಗೇ ಗಟ್ಟಿಗನೆನಿಸಿದವನೊಬ್ಬನನ್ನು ಬಡಿದು ಅವನ ಮೈಮೇಲಿಂದ ಕಿತ್ತುಕೊಂಡ ಜಾಕೆಟ್ಟು ಅದು. ರಿಚಿಯ ಆಸ್ತಿಯೆಲ್ಲ ಅದರಲ್ಲೇ ಇತ್ತು ಎನ್ನಬಹುದು. ಕೆಲವು ದಿನಗಳಲ್ಲಿ ಆ ಜಾಕೆಟ್ಟು ಟೋನಿಯ ಮನೆಗೆಲಸದವಳ ಗಂಡನ ಮೈಮೇಲೆ ರಿಚಿಯ ಕಣ್ಣಿಗೆ ಬೀಳುತ್ತದೆ. ಇಡೀ ಸರಣಿಯಲ್ಲಿ ನನಗೆ ರಿಚಿಯ ಬಗ್ಗೆ ಮರುಕ ಹುಟ್ಟಿದ ಕ್ಷಣ ಅದೊಂದೇ. ಏಪ್ರಿಲ್ 2ರಂದು ಪ್ರಸಾರವಾದ ಹನ್ನೆರಡನೆಯ ಕಂತಿನಲ್ಲಿ ಊಟದ ಹೊತ್ತಿಗೆ ಮಾತಿಗೆ ಮಾತು ಬೆಳೆದು ಅವನು ಜಾನಿಸ್‌ಳ ಮುಖಕ್ಕೆ ಗುದ್ದುತ್ತಾನೆ. ಅವಳು ಎದ್ದು ಹೋಗಿ ಬಂದೂಕು ತಂದು ಅವನನ್ನು ಕೊಲ್ಲುತ್ತಾಳೆ. ಟೋನಿಗೆ ಸಾಧ್ಯವಾಗದ ಕೆಲಸ ಹಾಗೆ ಅಡುಗೆಮನೆಯಲ್ಲಿ ಮುಗಿಯುತ್ತದೆ. ಶವವನ್ನು ಗುಟ್ಟಾಗಿ ಸಾಗಿಸಿದ ಮೇಲೆ ಹೊರಗೆ ತೇಲಿಬಿಟ್ಟ ಮಾತು ಏನೆಂದರೆ, ರಿಚಿ ಸಾಕ್ಷಿ ರಕ್ಷಣೆಗೆ ಸೇರಿಕೊಂಡ ಎಂಬುದು. ಹತ್ತು ವರ್ಷ ಬಾಯಿ ಬಿಡದೆ ಇದ್ದವನ ಹೆಸರಿನ ಮುಂದೆ ಕೊನೆಗೆ ಉಳಿದದ್ದು ಬಾಯಿಬಿಟ್ಟವನೆಂಬ ಗಾಳಿಮಾತು.

ಟೋನಿ ಪಾಠ ಕಲಿತನೇ ಎಂದರೆ ಕಲಿತ. 2004ರ ಐದನೆಯ ಸೀಸನ್ನು ಆರಂಭವಾಗುವುದೇ, ಎಂಬತ್ತರ ದಶಕದಲ್ಲಿ ಒಳಗೆ ಹೋದವರು ಒಬ್ಬೊಬ್ಬರಾಗಿ ಹೊರಬರುತ್ತಿದ್ದಾರೆಂಬ ಸುದ್ದಿಯೊಂದಿಗೆ. ಅವರಲ್ಲೊಬ್ಬ ಮುದುಕ ಫೀಚ್ ಲಾ ಮಾನಾ. ಅವನೂ ರಿಚಿಯ ಹಾಗೆಯೇ ಹಳೆಯ ಹಕ್ಕುಗಳನ್ನು ಹೇಳಿಕೊಂಡು ತೊಡಕಾಗತೊಡಗಿದಾಗ ಟೋನಿ ಕೂಗಾಡುವುದಿಲ್ಲ, ಕೈಯೆತ್ತುವುದೂ ಇಲ್ಲ. ಕದ್ದ ಟಿವಿಗಳನ್ನು ಫೀಚ್‌ನ ಗ್ಯಾರೇಜಿನಲ್ಲಿ ಇಡಿಸುತ್ತಾನೆ. ಪೆರೋಲ್ ಅಧಿಕಾರಿ ಬಂದು ಅವುಗಳನ್ನು ಕಾಣುತ್ತಾನೆ. ಮುದುಕ ಮತ್ತೆ ಜೈಲಿನ ಬಸ್ಸು ಹತ್ತುತ್ತಾನೆ. ರಿಚಿಯ ಕಾಲಿಗಿದ್ದ ಆ ಹಗ್ಗದ ಸರ್ಕಾರದ ತುದಿಯನ್ನೇ ಎಳೆದರೆ ಸಾಕೆಂದು ಟೋನಿಗೆ ಹೊಳೆಯಲು ನಾಲ್ಕು ವರ್ಷ ಹಿಡಿಯಿತು. ರಕ್ತವಿಲ್ಲದ ಈ ಉಪಾಯವನ್ನು ನೋಡುವಾಗ ನನಗೆ ಕಾರು ಹಾಯಿಸಿದ ದೃಶ್ಯಕ್ಕಿಂತ ಹೆಚ್ಚು ಚಳಿ ಹಿಡಿಯಿತು ಎಂದರೆ ನಂಬಬೇಕು.

ಮತ್ತೆ ಆ ಮೂರನೆಯ ಕಂತಿಗೆ ಬರುತ್ತೇನೆ. ಅದು ಮುಗಿಯುವ ಹೊತ್ತಿಗೆ ಟೋನಿ ತಾಯಿಯ ಮನೆಗೆ ಹೋದಾಗ ಮೆಡೋ ಮೊಣಕಾಲೂರಿ ನೆಲ ತಿಕ್ಕುತ್ತಿರುತ್ತಾಳೆ. ಯಾರೂ ಹೇಳಿರಲಿಲ್ಲ, ಯಾರೂ ವಸೂಲಿಗೆ ಬಂದಿರಲಿಲ್ಲ. ಟೋನಿ ಅವಳಿಗೆ ಕಾಣಿಸಿಕೊಳ್ಳದೆ ಸುಮ್ಮನೆ ಹಿಂದಕ್ಕೆ ಹೊರಡುತ್ತಾನೆ. ಮುಂದೆ ರಿಚಿ ಸಾಯುವುದು ಇದೇ ಮನೆಯಲ್ಲಿ ಎಂದು ಗೊತ್ತಿದ್ದು ನೋಡುವವನಿಗೆ ಆ ನೆಲವನ್ನು ಬರಿಯ ನೆಲವಾಗಿ ನೋಡುವುದು ಕಷ್ಟ.

ಬೀನ್ಸಿ ಮಾತ್ರ ಬದುಕುಳಿದ. 2007ರ ಕೊನೆಯ ಸೀಸನ್ನಿನಲ್ಲಿ, ಹಳೆಯ ಕೊಲೆಯೊಂದರ ತನಿಖೆಗೆ ಹೆದರಿ ಊರು ಬಿಟ್ಟ ಟೋನಿ ಫ್ಲಾರಿಡಾಕ್ಕೆ ಬಂದಾಗ ಅವನನ್ನು ಬರಮಾಡಿಕೊಳ್ಳುವವನು ಬೀನ್ಸಿಯೇ. ಏಳು ವರ್ಷ ಕಳೆದಿದೆ. ಗಾಲಿಕುರ್ಚಿಯಲ್ಲಿ ಕುಳಿತವನು ಆತಿಥ್ಯದಲ್ಲಿ ಏನೂ ಕಡಿಮೆ ಮಾಡುವುದಿಲ್ಲ.